ಇನ್‌ಸ್ಪೆಕ್ಷನ್ ಗಂಗಾಧರಯ್ಯನವರ ರಿಪೋರ್ಟು

ಗಂಗಾಧರಯ್ಯನವರು ಯಾವುದನ್ನೂ ಮೇಲಿನಿಂದ ತೆಗೆದುಕೊಳ್ಳುತ್ತಿರಲಿಲ್ಲ. ತರಕಾರಿ ಗಾಡಿಯಲ್ಲಿ ಟೊಮ್ಯಾಟೊ ಆರಿಸುವಾಗ ರಾಶಿಯ ಅಡಿಗೇ ಕೈ ತೂರಿಸುತ್ತಿದ್ದರು. ಪೇಪರ್ ಅಂಗಡಿಯಲ್ಲಿ ಕಟ್ಟಿನ ಕೆಳಗಿನಿಂದ ಒಂದನ್ನು ಎಳೆಯುತ್ತಿದ್ದರು. ಬೇಕರಿಯ ಗಾಜಿನ ಡಬ್ಬಿಯಲ್ಲಿದ್ದ ಬಿಸ್ಕತ್ತು ಕೂಡ ಅವರಿಗೆ ತಳದಿಂದಲೇ ಬೇಕು. ಕಾಮಾಕ್ಷಿಪಾಳ್ಯದ ನಮ್ಮ ಫ್ಯಾಕ್ಟರಿಯ ಗೇಟಿನ ಮುಂದೆ ಗಾಡಿ ನಿಲ್ಲಿಸುತ್ತಿದ್ದ ತರಕಾರಿಯವನು ಒಂದು ದಿನ ತಾಳ್ಮೆಗೆಟ್ಟು, ಸಾರ್, ನೀವು ತರಕಾರಿ ತಗೋತೀರೋ ರೇಡ್ ಮಾಡ್ತೀರೋ ಎಂದು ಕೇಳಿಯೇ ಬಿಟ್ಟ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಉರುಳಿದ್ದನ್ನೆಲ್ಲ ಮೊದಲಿದ್ದ ಹಾಗೆ ಜೋಡಿಸಿ, ಮೆತ್ತಗಾಗಿದ್ದ ಮೂರನ್ನು ಬೇರೆ ಇಟ್ಟು, ಇವನ್ನು ಇವತ್ತೇ ಮಾರಿಬಿಡು ಎಂದು ಹೇಳಿ ಬಂದರು.

ಅದು ಅವರ ಕಸುಬಿನ ಚಾಳಿ. ವಾಹನಗಳಿಗೆ ಬೇಕಾದ ಉಕ್ಕಿನ ಬುಷ್‌ಗಳನ್ನು, ಅಂದರೆ ಬಳೆಯಂಥ ಸಣ್ಣ ಸಣ್ಣ ಕೊಳವೆಗಳನ್ನು ಮಾಡುವ ಫ್ಯಾಕ್ಟರಿ ನಮ್ಮದು. ಲೇತ್‌ನಿಂದ ಬಂದ ಮಾಲನ್ನು ಅಳೆದು ನೋಡಿ, ಸರಿಯಿದ್ದರೆ ಹೊರಗೆ ಕಳಿಸುವುದು ಇನ್‌ಸ್ಪೆಕ್ಷನ್‌ನವರ ಕೆಲಸ. ಗಂಗಾಧರಯ್ಯನವರು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಅದೊಂದೇ ಕೆಲಸ ಮಾಡಿದವರು. ನಾನು ಡಿಪ್ಲೊಮಾ ಮುಗಿಸಿ, ಗೋವಿಂದರಾಜನಗರದ ಬಾಡಿಗೆ ಮನೆಯಿಂದ ಟಿಫಿನ್ ಡಬ್ಬಿ ಹಿಡಿದು ಅಲ್ಲಿಗೆ ಹೋದಾಗ ತಗಡಿನ ಛಾವಣಿಯ ಇನ್‌ಸ್ಪೆಕ್ಷನ್ ಕೋಣೆಯಲ್ಲಿ ಹೆಂಗಸು ಅಂತ ಇದ್ದವಳು ನಾನೊಬ್ಬಳೇ. ಮಾಲೀಕರಿಗೆ ನನ್ನ ಮೇಲೆ ನಂಬಿಕೆ ಇರಲಿಲ್ಲ. ಇವರಿಗೂ ಇರಲಿಲ್ಲ. ಆದರೆ ಇವರಿಗೆ ಯಾರ ಮೇಲೂ ಇರಲಿಲ್ಲವಾದ್ದರಿಂದ ನನಗೆ ಅವಮಾನವಾಗಲಿಲ್ಲ.

ಮೊದಲ ದಿನವೇ ಒಂದು ಬುಷ್ ಕೈಗೆ ಕೊಟ್ಟು ನೋಡು ಎಂದರು. ನಾನು ಕಾಲೇಜಿನಲ್ಲಿ ಕಲಿತದ್ದನ್ನೆಲ್ಲ ಖರ್ಚು ಮಾಡಿ, ಮೈಕ್ರೋಮೀಟರಿನಲ್ಲಿ ಮೂರು ಮೂರು ಸಲ ಅಳೆದು, ಓಕೆ ಸಾರ್ ಎಂದೆ.

“ಎಷ್ಟು ಪೀಸ್ ನೋಡ್ದೆ?”

“ಒಂದು ಸಾರ್.”

“ಹಾಗಾದ್ರೆ ಒಂದು ಪೀಸ್ ಓಕೆ. ಲಾಟ್ ಓಕೆ ಅಂತ ಯಾರಮ್ಮ ಹೇಳಿದ್ದು ನಿಂಗೆ?”

ನಾನು ಲಾಟ್, ಅಂದರೆ ಒಟ್ಟು ಮಾಲು, ಅಂದಿರಲೇ ಇಲ್ಲ. ಹಾಗಂತ ವಾದ ಮಾಡುವ ಧೈರ್ಯವೂ ಇರಲಿಲ್ಲ. ಆಮೇಲೆ ತಿಳಿಯಿತು, ಅದು ಅವರು ಬಂದವರಿಗೆಲ್ಲ ಕೇಳುವ ಪ್ರಶ್ನೆ ಎಂದು. ಪಾಸಾದ ಮಾಲಿಗೆ ಹಸಿರು ಟ್ಯಾಗ್ ಕಟ್ಟಿ ಓಕೆ ಎಂದು ಬರೆದು ಸಹಿ ಮಾಡುವುದು ಎಲ್ಲ ಕಡೆಯ ಪದ್ಧತಿ. ಇವರು ಓಕೆ ಬರೆಯುತ್ತಿರಲಿಲ್ಲ. ‘ಹತ್ತು ನೋಡಿದೆ, ಹತ್ತೂ ಸರಿ’ ಎಂದು ಗುಂಡಗಿನ ಕನ್ನಡದಲ್ಲಿ ಬರೆಯುತ್ತಿದ್ದರು. ಮಾಲು ಕೊಳ್ಳುವ ಕಂಪನಿಯವರು ಇದೇನಿದು ಎಂದು ಕೇಳಿ, ಮಾಲೀಕರು ಕೂಗಾಡಿ, ಕೊನೆಗೆ ಒಂದು ರಾಜಿಯಾಯಿತು. ಟ್ಯಾಗಿನ ಮುಂದೆ ಓಕೆ ಎಂಬ ರಬ್ಬರ್ ಸ್ಟಾಂಪು, ಹಿಂದೆ ಇವರ ಬರಹ. ಅದನ್ನು ಯಾರೂ ಓದುತ್ತಿರಲಿಲ್ಲ. ಓದದಿದ್ದರೂ ಬರೆಯುವುದನ್ನು ಅವರು ಬಿಡಲಿಲ್ಲ.

ಈ ಹಟದ ಹಿಂದೆ ಒಂದು ಕಥೆ ಇತ್ತು. ಅದನ್ನು ಅವರು ನನಗೆ ಹೇಳಿದ್ದು ನಾನು ಸೇರಿ ಮೂರು ವರ್ಷವಾದ ಮೇಲೆ, ಕರೆಂಟು ಹೋಗಿ ಮೆಷಿನ್‌ಗಳೆಲ್ಲ ನಿಂತಿದ್ದ ಒಂದು ಮಧ್ಯಾಹ್ನ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರು ಮೇಲಿನ ಟ್ರೇಯಿಂದ ಐದು ಬುಷ್ ತೆಗೆದು ಅಳೆದು ಇಡೀ ಲಾಟಿಗೆ ಓಕೆ ಬರೆದರಂತೆ. ಐದೂ ಚೊಕ್ಕವಾಗಿದ್ದವು. ಕೆಳಗಿನ ಟ್ರೇಗಳಲ್ಲಿದ್ದವು ಮಾತ್ರ ಲೇತಿನ ಸವೆದ ಟೂಲನ್ನು ಬದಲಿಸುವ ಮೊದಲೇ ಕೊರೆದವು. ಲಾರಿಯಲ್ಲಿ ಹೋದ ಮಾಲು ನಾಲ್ಕನೇ ದಿನ ಹಾಗೇ ವಾಪಸು ಬಂತು. ಒಂದೊಂದನ್ನೇ ಅಳೆದು ಬೇರ್ಪಡಿಸಲು ಇವರಿಗೆ ಇಡೀ ವಾರ ಹಿಡಿಯಿತು.

“ಆವತ್ತು ಯಾರೂ ನನ್ನನ್ನ ಬೈಲಿಲ್ಲ ಕಣಮ್ಮ,” ಎಂದರು. “ಬೈದಿದ್ರೆ ಮರ್ತು ಹೋಗ್ತಿತ್ತು.”

ಅಂದಿನಿಂದ ಅವರು ಶರ್ಟಿನ ತೋಳು ಮಡಚಿ, ಮೊಣಕೈವರೆಗೂ ಆಯಿಲ್ ಮೆತ್ತಿಕೊಂಡು ಕ್ರೇಟಿನ ಮೂಲೆಯ ತಳದಿಂದಲೇ ಪೀಸು ತೆಗೆಯುತ್ತಿದ್ದರು. ನನಗೂ ಹಾಗೇ ಕಲಿಸಿದರು. ನನ್ನ ಎಷ್ಟೋ ಚೂಡಿದಾರಗಳ ಬಲತೋಳು ಅವರ ಶಿಷ್ಯತ್ವಕ್ಕೆ ಬಲಿಯಾಗಿದೆ.

ಅವರ ಹೆಂಡತಿ ರತ್ನಮ್ಮ ಇದಕ್ಕೆ ಪೂರ್ತಿ ವಿರುದ್ಧ. ಎಲ್ಲವನ್ನೂ ಥಟ್ಟನೆ ನಂಬುವ, ಬಂದವರ ಕೈಗೆ ತಟ್ಟೆ ಕೊಟ್ಟ ಮೇಲೆಯೇ ಹೆಸರು ಕೇಳುವ ಹೆಂಗಸು. ಊರಂಚಿನ ಉಲ್ಲಾಳದಲ್ಲಿ ಅವರದು ಮೂವತ್ತು ನಲವತ್ತರ ಸೈಟಿನಲ್ಲಿ ಕಟ್ಟಿದ ಮನೆ. ಗಂಡನ ಬಗ್ಗೆ ರತ್ನಮ್ಮನದು ಒಂದು ಖಾಯಂ ತಮಾಷೆ ಇತ್ತು. ಹೆಣ್ಣು ನೋಡಲು ಬಂದ ದಿನ ಇವರು ಒಂದೇ ಒಂದು ಸಲ ತಲೆಯೆತ್ತಿ ನೋಡಿ ಒಪ್ಪಿಗೆ ಅಂದರಂತೆ. ಜೀವನದಲ್ಲಿ ಇವರು ಚೆಕ್ ಮಾಡದೆ ತಗೊಂಡಿದ್ದು ನನ್ನೊಬ್ಬಳನ್ನೇ, ಎಂದು ಆಕೆ ನಗುತ್ತಿದ್ದರು. ಗಂಗಾಧರಯ್ಯನವರು ಅದೊಂದು ಮಾತಿಗೆ ಮಾತ್ರ ತಿದ್ದುಪಡಿ ಸೂಚಿಸುತ್ತಿರಲಿಲ್ಲ.

ಅವರು ನಿವೃತ್ತರಾದ ಮೇಲೆ ಆ ಕೋಣೆಯ ಕುರ್ಚಿ ನನ್ನದಾಯಿತು. ತಿಂಗಳಿಗೊಂದು ಭಾನುವಾರ ಉಲ್ಲಾಳಕ್ಕೆ ಹೋಗಿಬರುವುದು ನನಗೆ ರೂಢಿ. ಹೋದರೆ ಮುದ್ದೆ, ಸೊಪ್ಪಿನ ಸಾರು. ಮಾಗಡಿ ಕಡೆಯ ಗಂಗಾಧರಯ್ಯನವರಿಗೆ ಮುದ್ದೆಯಿಲ್ಲದ ಊಟ ಊಟವಲ್ಲ. ಉಣ್ಣುವಾಗ ಫ್ಯಾಕ್ಟರಿಯ ಸುದ್ದಿ ಕೇಳುತ್ತಿದ್ದರು. ಯಾವ ಲಾಟು ನಿಲ್ಲಿಸಿದೆ, ಯಾಕೆ ನಿಲ್ಲಿಸಿದೆ, ಮಾಲೀಕರ ಮಗ ಏನೆಂದ. ನಾನು ತಡೆಹಿಡಿದ ಕಥೆಗಳೆಂದರೆ ಅವರಿಗೆ ಇಷ್ಟ. ಪಾಸು ಮಾಡಿದ ಕಥೆಗಳಲ್ಲಿ ಆಸಕ್ತಿ ಇರಲಿಲ್ಲ.

ಹೋದ ವರ್ಷದ ಒಂದು ಭಾನುವಾರ ಅವರ ತಟ್ಟೆಯಲ್ಲಿ ಅರ್ಧ ಮುದ್ದೆ ಹಾಗೇ ಉಳಿಯಿತು. ಏನು ಸಾರ್ ಎಂದು ಕೇಳಿದೆ. ಎದೆಯ ನಡುವೆ ಬೆರಳಿಟ್ಟು, ಇಲ್ಲಿ ಬಂದು ನಿಂತ್ಕೊಳ್ಳುತ್ತೆ ಎಂದರು. ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತಾರೆ. ಹುಟ್ಟಿದಾಗಿನಿಂದ ನುಂಗಿಕೊಂಡು ಬಂದವರಿಗೆ ತುತ್ತು ದಾರಿಯಲ್ಲಿ ನಿಂತರೆ ಕಾಯಿಲೆಯ ಭಯಕ್ಕಿಂತ ಮೊದಲು ನಾಚಿಕೆಯಾಗುತ್ತದೆ. ಒಂದು ತಿಂಗಳು ಯಾರಿಗೂ ಹೇಳಿರಲಿಲ್ಲವಂತೆ. ಶರ್ಟಿನ ಕಾಲರು ಕುತ್ತಿಗೆಗೆ ಸಡಿಲವಾಗಿದ್ದನ್ನು ನಾನು ಆವತ್ತೇ ಗಮನಿಸಿದೆ.

ಕೆಂಗೇರಿಯಲ್ಲಿರುವ ಮಗಳು ಬಂದು ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಬಾಯಿಯ ಮೂಲಕ ಪೈಪು ಇಳಿಸಿ ಅನ್ನನಾಳವನ್ನು ನೋಡಿದರು. ಕೆಂಪಾಗಿ ಒರಟಾಗಿದ್ದ ಕಡೆ ಚೂರು ಚೂರು ಕಿತ್ತು ಪರೀಕ್ಷೆಗೆ ಕಳಿಸಿದರು. ರಿಪೋರ್ಟು ಬರಲು ಒಂದು ವಾರ. ಆ ವಾರ ರತ್ನಮ್ಮ ಎಷ್ಟು ದೇವರಿಗೆ ಹರಕೆ ಹೊತ್ತರೋ ಅವರಿಗೇ ಲೆಕ್ಕವಿಲ್ಲ. ರಿಪೋರ್ಟು ಬಂತು. ಕ್ಯಾನ್ಸರ್ ಲಕ್ಷಣ ಯಾವುದೂ ಕಂಡುಬಂದಿಲ್ಲ. ಮಗಳು ಅದರ ಫೋಟೊ ತೆಗೆದು ನನಗೂ ಕಳಿಸಿದಳು. ನಾನು ಇನ್‌ಸ್ಪೆಕ್ಷನ್ ಕೋಣೆಯಲ್ಲಿ ಕೂತು ಓದಿ ಕಣ್ಣೊರೆಸಿಕೊಂಡೆ. ರತ್ನಮ್ಮ ಕೇಸರಿಬಾತು ಮಾಡಿ ಬೀದಿಗೆಲ್ಲ ಹಂಚಿದರು.

ಎಲ್ಲರಿಗೂ ಅಲ್ಲಿಗೆ ಮುಗಿಯಿತು. ಗಂಗಾಧರಯ್ಯನವರಿಗೆ ಅಲ್ಲಿಂದ ಶುರುವಾಯಿತು. ಮಾತ್ರೆ ನುಂಗಿದ್ದಾಯಿತು, ಖಾರ ಬಿಟ್ಟಿದ್ದಾಯಿತು, ಮುದ್ದೆ ಮಾತ್ರ ಅದೇ ಜಾಗದಲ್ಲಿ ನಿಲ್ಲುತ್ತಿತ್ತು. ಡಾಕ್ಟರನ್ನು ಮತ್ತೆ ನೋಡಲು ಹೋಗುವಾಗ ನನ್ನನ್ನೂ ಬಾ ಎಂದರು. ಮಗಳಾದರೆ ಬಾಯಿ ಮುಚ್ಚಿಸುತ್ತಾಳೆ, ನೀನಾದರೆ ಸುಮ್ಮನೆ ಕೇಳಿಸಿಕೊಳ್ಳುತ್ತೀಯ ಎಂಬುದು ಅವರ ಕಾರಣ.

ಡಾಕ್ಟರು ಒಳ್ಳೆಯವರು. ಹೊರಗೆ ಬೆಂಚುಗಳ ತುಂಬ ಜನ ಕಾಯುತ್ತಿದ್ದರೂ ಇವರ ಪ್ರಶ್ನೆಗಳಿಗೆ ಉತ್ತರ ಕೊಟ್ಟರು. ಎಷ್ಟು ಚೂರು ತೆಗೆದಿರಿ ಎಂದು ಇವರು ಕೇಳಿದರು. ನಾಲ್ಕೈದು ಎಂದರು ಅವರು. ಎಲ್ಲಿಂದ? ಕೆಂಪಾಗಿದ್ದ ಕಡೆಯಿಂದ. ಮೇಲಿನ ಪದರದಿಂದಾನಾ, ಅಡಿಯಿಂದಾನಾ? ಡಾಕ್ಟರು ಪೆನ್ನು ಕೆಳಗಿಟ್ಟು ಇವರನ್ನು ನೋಡಿದರು.

“ಯಜಮಾನ್ರೇ, ರಿಪೋರ್ಟ್ ಕ್ಲಿಯರ್ ಇದೆ. ಈ ರಿಪೋರ್ಟ್‌ಗೋಸ್ಕರ ಜನ ಕೈ ಮುಗಿದು ಕೂತಿರ್ತಾರೆ. ನೀವು ಯಾಕೆ ಹೀಗೆ ಕೇಳ್ತಿದೀರಾ?”

“ಹಾಗಾದ್ರೆ ಮುದ್ದೆ ಯಾಕೆ ಸಾರ್ ನಿಲ್ತಿದೆ?”

ಆಸಿಡಿಟಿ ಇರಬಹುದು, ವಯಸ್ಸು ಇರಬಹುದು, ಟೆನ್ಷನ್ನೂ ಇರಬಹುದು ಎಂದರು ಡಾಕ್ಟರು. ಮೂರು ತಿಂಗಳು ನೋಡಿ, ಕಡಿಮೆಯಾಗದಿದ್ದರೆ ಬನ್ನಿ, ಇನ್ನೊಂದು ಸಲ ಪೈಪು ಹಾಕಿ ನೋಡೋಣ ಎಂದು ಚೀಟಿಯಲ್ಲಿ ಬರೆದೂ ಕೊಟ್ಟರು. ಬಸ್ಸಿನಲ್ಲಿ ವಾಪಸು ಬರುವಾಗ ಗಂಗಾಧರಯ್ಯನವರು ಆ ಚೀಟಿಯನ್ನು ಮತ್ತೊಮ್ಮೆ ಓದಿ ಮಡಚಿ ಜೇಬಿನಲ್ಲಿಟ್ಟರು.

“ಪೀಸ್ ಯಾಕೆ ಕೆಟ್ಟಿತು ಅಂತ ಗೊತ್ತಾಗದೆ ಇದ್ದಾಗ ನಮ್ಮ ಆಪರೇಟರ್‌ಗಳೂ ಮೂರು ಕಾರಣ ಹೇಳೋರು, ಜ್ಞಾಪಕ ಇದೆಯಾ?” ಎಂದರು.

ನಾನು ನಕ್ಕೆ. ಅವರು ನಗಲಿಲ್ಲ.

ಆ ಮೂರು ತಿಂಗಳು ಅವರ ಪಾಲಿಗೆ ಬಹಳ ಕೆಟ್ಟವಾಗಿದ್ದವು. ರಿಪೋರ್ಟು ಕೆಟ್ಟದ್ದಾಗಿದ್ದರೆ ಜನ ಬಂದು ಪಕ್ಕದಲ್ಲಿ ಕೂರುತ್ತಿದ್ದರು. ಇದು ಒಳ್ಳೆಯ ರಿಪೋರ್ಟು. ಕೇಳುವವರಿರಲಿಲ್ಲ. ನೆಂಟರು ಫೋನಿನಲ್ಲಿ, ನಿಮ್ಮದು ಪುಣ್ಯ ಗಂಗಾಧರಣ್ಣ, ಇನ್ನೇನು ಬೇಕು ಎನ್ನುತ್ತಿದ್ದರು. ಎದುರು ಮನೆಯ ಒಬ್ಬರಿಗೆ ಅದೇ ಕಾಯಿಲೆ ನಿಜವಾಗಿಯೇ ಬಂದು ತಲೆಗೂದಲೆಲ್ಲ ಉದುರಿತ್ತು. ಅವರು ಬಾಗಿಲಲ್ಲಿ ಕಂಡರೆ ಇವರು ಒಳಗೆ ಬಂದುಬಿಡುತ್ತಿದ್ದರು. ಅವರ ಮುಂದೆ ನಂದೇನು ಅಂತ ಹೇಳ್ಲಿ, ನನಗೇನೂ ಇಲ್ಲ ಅಂತ ಬರೆದುಕೊಟ್ಟಿದಾರಲ್ಲ, ಎಂದು ಒಂದು ಸಲ ನನಗೆ ಹೇಳಿದರು. ರಿಪೋರ್ಟಿನ ಹಾಳೆಗಳನ್ನು ದಿನಕ್ಕೆ ಎರಡು ಸಲ ತೆಗೆದು ಓದುತ್ತಿದ್ದರಂತೆ. ಅದರಲ್ಲಿ ತಪ್ಪು ಹುಡುಕುತ್ತಿರಲಿಲ್ಲ. ನೋಡಿದಷ್ಟು ಸರಿಯಾಗಿಯೇ ನೋಡಿದ್ದಾರೆ ಎಂಬುದರಲ್ಲಿ ಅವರಿಗೆ ಅನುಮಾನ ಇರಲಿಲ್ಲ. ಅವರಿಗೆ ಬೇಕಾಗಿದ್ದದ್ದು ನೋಡದೆ ಬಿಟ್ಟದ್ದರ ಸಮಾಚಾರ. ಅದನ್ನು ಯಾವ ರಿಪೋರ್ಟಿನಲ್ಲೂ ಬರೆದಿರುವುದಿಲ್ಲ.

ಮೂರು ತಿಂಗಳು ತುಂಬಲು ನಾಲ್ಕು ದಿನ ಇರುವಾಗ ರತ್ನಮ್ಮ ನನಗೆ ಫೋನು ಮಾಡಿದರು. ಇವರು ಮತ್ತೆ ಪೈಪು ಹಾಕಿಸಿಕೊಳ್ಳುತ್ತೇನೆ ಎಂದು ಹೊರಟಿದ್ದಾರೆ, ನೀನು ಬಂದು ಬಿಡಿಸು ಎಂದರು. ಹೋದ ಸಲ ಒಳಗಿನಿಂದ ಇವರು ಓಕರಿಸುವ ಸದ್ದು ಹೊರಗೆ ಬೆಂಚಿನವರೆಗೂ ಕೇಳುತ್ತಿತ್ತಂತೆ. ಆಕೆಗೆ ಅಲ್ಲೇ ಕಣ್ಣಿಗೆ ಕತ್ತಲೆ ಬಂದು ಬಿಪಿ ಏರಿತ್ತಂತೆ.

“ಆ ಬೆಂಚಿನ ಮೇಲೆ ಇನ್ನೊಂದ್ ಸಲ ಕೂರೋಕೆ ನನ್ ಕೈಲಿ ಆಗಲ್ಲ ಕಣೇ ಸುಜಾತಾ. ದೇವ್ರು ಒಂದ್ ಸಲ ಇಲ್ಲ ಅಂದಿದಾನೆ. ಮತ್ತೆ ಹೋಗಿ ಕೇಳಿದ್ರೆ ಹೂಂ ಅಂದ್ಬಿಟ್ರೆ? ನೀನು ಹೇಳಿದ್ರೆ ಕೇಳ್ತಾರೆ. ಬೇರೆ ಯಾರ ಮಾತೂ ಕೇಳಲ್ಲ.”

ಆ ಭಾನುವಾರ ಹೋದೆ. ನಾನು ಚಪ್ಪಲಿ ಬಿಡುವಷ್ಟರಲ್ಲಿ ಅವರು ಫೈಲು ತಂದು ಟೀಪಾಯಿ ಮೇಲಿಟ್ಟರು. ಕನ್ನಡಕ ಒರೆಸಿಕೊಂಡರು. ಒಂದೊಂದೇ ಹಾಳೆ ತೆಗೆದು ನನ್ನ ಕಡೆ ತಿರುಗಿಸಿ ಸಾಲಾಗಿ ಇಟ್ಟರು. ಫ್ಯಾಕ್ಟರಿಯಲ್ಲಿ ಟ್ರೇ ಬಿಚ್ಚಿ ಇಡುತ್ತಿದ್ದದ್ದೂ ಹೀಗೇ. ಅಡುಗೆಮನೆಯ ಬಾಗಿಲಲ್ಲಿ ರತ್ನಮ್ಮ ಸೆರಗು ಹಿಡಿದು ನಿಂತಿದ್ದರು.

“ನೀನೇ ನೋಡು. ಡಾಕ್ಟ್ರು ಹೇಳಿದ್ದು ಬಿಡು, ಇವಳು ಹೇಳಿದ್ದೂ ಬಿಡು. ಇದು ನಮ್ ಲಾಟ್ ಆಗಿದ್ರೆ ನೀನು ಏನ್ ಮಾಡ್ತಿದ್ದೆ?”

ನಾನು ಏನು ಮಾಡುತ್ತಿದ್ದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಸ್ಯಾಂಪಲ್ ಸರಿಯಿದೆ, ಆದರೆ ಮೆಷಿನ್ನಿನಲ್ಲಿ ಹಾಕಿದರೆ ಕೂರುತ್ತಿಲ್ಲ ಎಂದು ದೂರು ಬಂದರೆ, ಲಾಟು ನಿಲ್ಲಿಸಿ, ತಳದ ಟ್ರೇಯಿಂದ ಇನ್ನೊಂದು ಸಲ ಪೀಸು ತೆಗೆಯಬೇಕು. ಇದನ್ನು ನನಗೆ ಕಲಿಸಿದವರೇ ಎದುರಿಗೆ ಕೂತಿದ್ದರು. ನಾನು ತಲೆಯೆತ್ತಿದೆ. ಬಾಗಿಲಲ್ಲಿದ್ದ ರತ್ನಮ್ಮನ ಮುಖ ಕಂಡಿತು.

“ಪಾಸ್ ಮಾಡ್ತಿದ್ದೆ ಸಾರ್,” ಎಂದೆ.

“ಎಷ್ಟು ಪೀಸ್ ನೋಡಿ?”

“ಇಷ್ಟು ಸಾಕು ಸಾರ್.”

ಅವರು ನನ್ನನ್ನೇ ನೋಡಿದರು. ಸಿಟ್ಟಿನ ನೋಟವಲ್ಲ. ಅಳತೆ ತಪ್ಪಿದ ಪೀಸು ಕೈಗೆ ಬಂದಾಗ, ಅಳೆದದ್ದೇ ತಪ್ಪಾಯಿತೇನೋ ಎಂದು ಮತ್ತೊಮ್ಮೆ ನೋಡುತ್ತಿದ್ದರಲ್ಲ, ಹಾಗೆ. ಆಮೇಲೆ ಹಾಳೆಗಳನ್ನು ಒಟ್ಟುಮಾಡಿ, ಅಂಚು ಸಮ ಮಾಡಿ, ಫೈಲಿನೊಳಗೆ ಇಟ್ಟರು. ಸರಿ ಬಿಡಮ್ಮ, ನೀನು ಹೇಳಿದ ಮೇಲೆ ಆಯ್ತು ಎಂದರು. ರತ್ನಮ್ಮ ಒಳಗೆ ಹೋಗಿ ಕಾಫಿಗೆ ಹಾಲು ಇಟ್ಟ ಸದ್ದು ಕೇಳಿಸಿತು.

ಅವರು ಎರಡನೇ ಸಲ ಆಸ್ಪತ್ರೆಗೆ ಹೋಗಲಿಲ್ಲ. ಆವತ್ತು ನನಗೆ ಹಗುರಾದದ್ದು ಸುಳ್ಳಲ್ಲ. ಒಂದು ಸಂಸಾರಕ್ಕೆ ನೆಮ್ಮದಿ ಕೊಟ್ಟೆ ಎಂದುಕೊಂಡೆ. ಬಸ್ಸು ನಾಗರಬಾವಿ ದಾಟುವಷ್ಟರಲ್ಲಿ ಆ ಸಮಾಧಾನ ಮುಗಿದಿತ್ತು. ನನ್ನ ಗುರು ಜೀವಮಾನದಲ್ಲಿ ಒಂದೇ ಒಂದು ಸಲ ತಮ್ಮ ಮೈಯ ವಿಷಯಕ್ಕೆ ನನ್ನ ಕಸುಬಿನ ಸಹಾಯ ಕೇಳಿದ್ದರು. ನಾನು ಕ್ರೇಟಿಗೆ ಕೈ ಹಾಕದೆ ಸ್ಟಾಂಪು ಒತ್ತಿದ್ದೆ. ನಾಳೆ ಫೋನು ಮಾಡಿ ಹೋಗಿಬನ್ನಿ ಸಾರ್ ಎಂದು ಹೇಳೋಣ ಅಂದುಕೊಂಡೆ. ಆ ನಾಳೆಯೂ ಮಾಡಲಿಲ್ಲ, ಆಮೇಲಿನ ನಾಳೆಗಳಲ್ಲೂ ಮಾಡಲಿಲ್ಲ. ರತ್ನಮ್ಮನಿಗೆ ಏನು ಹೇಳಲಿ ಎಂಬುದು ನೆಪ. ನನಗೂ ಹೆದರಿಕೆ ಇತ್ತು. ಅಡಿಯಲ್ಲಿ ಏನಾದರೂ ಇದ್ದುಬಿಟ್ಟರೆ ಎಂಬ ಹೆದರಿಕೆ ಆಕೆಯೊಬ್ಬರದೇ ಆಗಿರಲಿಲ್ಲ.

ಆಮೇಲೆ ಹೋದಾಗಲೆಲ್ಲ ಅವರು ನಯವಾಗಿ ಮಾತಾಡಿಸುತ್ತಿದ್ದರು. ಅದೇ ನನಗೆ ಸಂಕಟ. ಫ್ಯಾಕ್ಟರಿಯ ಲಾಟುಗಳ ವಿಚಾರ ಕೇಳುವುದನ್ನು ಬಿಟ್ಟರು. ಮಕ್ಕಳು ಹೇಗಿದ್ದಾರೆ, ನಿನ್ನ ಮಂಡಿ ನೋವು ಹೇಗಿದೆ, ಹಬ್ಬಕ್ಕೆ ಏನು ಮಾಡಿದಿರಿ ಎಂದು ಬಂದ ನೆಂಟರನ್ನು ಕೇಳುವ ಹಾಗೆ ಕೇಳುತ್ತಿದ್ದರು. ನಾನೂ ನೆಂಟರ ಹಾಗೆ ಉತ್ತರ ಕೊಟ್ಟು ಬರುತ್ತಿದ್ದೆ. ನನ್ನ ಜೊತೆ ಕೂತು ಊಟ ಮಾಡುತ್ತಿರಲಿಲ್ಲ, ಆಗಲೇ ಆಯ್ತು ಕಣಮ್ಮ ಎನ್ನುತ್ತಿದ್ದರು. ಮುಖ ಇನ್ನಷ್ಟು ಸಣ್ಣದಾಗಿತ್ತು. ವಾಕಿಂಗ್ ಜಾಸ್ತಿ ಮಾಡ್ತಾರೆ, ಅದಕ್ಕೇ ಇಳಿದಿದಾರೆ ಎಂದು ರತ್ನಮ್ಮ ಖುಷಿಯಿಂದಲೇ ಹೇಳುತ್ತಿದ್ದರು.

ಕಾರ್ತಿಕ ಮಾಸದಲ್ಲಿ ಕೊನೆಯ ಸಲ ಅವರನ್ನು ನೋಡಿದ್ದು. ಯಾವಾಗಲೂ ಮಾಡುವಂತೆ ಬಸ್ ಸ್ಟಾಪಿನವರೆಗೂ ಬಿಡಲು ಬಂದರು. ಯೂನಿವರ್ಸಿಟಿ ಕಡೆಯಿಂದ ಬರುವ ಬಸ್ಸು ತಡವಾಗಿತ್ತು. ಅವರು ಸ್ಟಾಪಿನ ಕಂಬಕ್ಕೆ ಒರಗಿ ನಿಂತರು. ಹಿಂದೆಲ್ಲ ಹಾಗೆ ಒರಗಿದವರಲ್ಲ. ನನಗೆ ತಡೆಯಲಾಗಲಿಲ್ಲ. ಮುದ್ದೆ ಸರಿಯಾಗಿ ಇಳಿಯುತ್ತಿದೆಯಾ ಸಾರ್ ಎಂದು ಕೇಳಿದೆ.

“ಎಲ್ಲಾ ಸರಿ ಇದೆ ಕಣಮ್ಮ,” ಎಂದರು. “ನೀನು ಅದನ್ನೆಲ್ಲ ತಲೆಗೆ ಹಚ್ಚಿಕೊಳ್ಳಬೇಡ.”

ಅಷ್ಟು ವರ್ಷಗಳಲ್ಲಿ ಅವರು ನನಗೆ ಹೇಳಿದ ಮೊದಲ ಸುಳ್ಳು ಅದೇ ಇರಬೇಕು. ಎದುರಿಗೆ ನಿಂತವರು ನೆಮ್ಮದಿಯಾಗಿ ಮನೆಗೆ ಹೋಗಲಿ ಎಂದು ಹೇಳುವ ಸುಳ್ಳು. ಅದನ್ನು ಆ ಮನೆಗೆ ತಂದವಳು ನಾನು. ಬಸ್ಸು ಬಂತು, ಹತ್ತಿದೆ. ಅವರು ಕೈ ಎತ್ತಿದರು.

ಅದಾದ ಇಪ್ಪತ್ತು ದಿನಕ್ಕೆ, ಬೆಳಿಗ್ಗೆ ಮೋಟರ್ ಹಾಕಿ ಟ್ಯಾಂಕಿಗೆ ನೀರು ತುಂಬಿಸಿ ವರಾಂಡದ ಕುರ್ಚಿಯಲ್ಲಿ ಕೂತವರು ಮತ್ತೆ ಏಳಲಿಲ್ಲ. ಹೃದಯ ನಿಂತಿದೆ ಎಂದು ಹತ್ತಿರದ ಡಾಕ್ಟರು ಬರೆದುಕೊಟ್ಟರು. ಹೃದಯ ಯಾಕೆ ನಿಂತಿತು ಎಂದು ಯಾರೂ ಕೇಳಲಿಲ್ಲ. ಎಪ್ಪತ್ತರ ಹತ್ತಿರ ಬಂದವರ ವಿಷಯದಲ್ಲಿ ಕೇಳುವ ವಾಡಿಕೆ ಇಲ್ಲ. ಮಧ್ಯಾಹ್ನದೊಳಗೆ ಎಲ್ಲ ಮುಗಿಯಿತು. ಅವರ ಎದೆಯ ನಡುವೆ ಏನಿತ್ತು, ಏನಿರಲಿಲ್ಲ ಎಂಬುದು ಅವರ ಜೊತೆಗೇ ಸುಟ್ಟುಹೋಯಿತು. ರಿಪೋರ್ಟು ನಿಜವೇ ಇರಬಹುದು. ಡಾಕ್ಟರು ಹೇಳಿದ ಮೂರು ಕಾರಣಗಳಲ್ಲಿ ಒಂದು ಸರಿಯೇ ಇರಬಹುದು. ನನಗೆ ಗೊತ್ತಿಲ್ಲ. ಗೊತ್ತಾಗುವ ದಾರಿಯೊಂದಿತ್ತು, ಅದನ್ನು ಮುಚ್ಚಿದವಳು ನಾನು.

ಹನ್ನೊಂದನೆಯ ದಿನದ ಕಾರ್ಯ ಮುಗಿದು ನೆಂಟರೆಲ್ಲ ಹೊರಟ ಮೇಲೆ ರತ್ನಮ್ಮ ನನ್ನ ಕೈ ಹಿಡಿದುಕೊಂಡು ಹಿತ್ತಿಲ ಬಾಗಿಲ ಹತ್ತಿರ ಕೂತರು.

“ನಿಂದು ಉಪಕಾರ ಕಣೇ. ನೀನು ಹೇಳಿದ್ ಮೇಲೆ ಅವರು ಒಂದ್ ದಿನಾನೂ ಆ ಮಾತು ಎತ್ಲಿಲ್ಲ. ನೆಮ್ಮದಿಯಾಗಿದ್ರು. ಊಟಾನೂ ತಟ್ಟೆ ತಗೊಂಡು ಇಲ್ಲೇ ಹಿತ್ಲಲ್ಲಿ ನಿಂತ್ಕೊಂಡು ಮಾಡೋರು, ಗಾಳಿ ಚೆನ್ನಾಗಿ ಬರುತ್ತೆ ಅಂತ. ನೀನು ಒಳಗೆ ಟೀವಿ ನೋಡ್ತಾ ಉಣ್ಣು ಹೋಗು ಅಂತ ನನ್ನ ಕಳಿಸ್ಬಿಡೋರು.”

ನಾನು ಹಿತ್ತಿಲನ್ನು ನೋಡಿದೆ. ಎರಡು ಹೆಜ್ಜೆ ಅಗಲದ ಜಾಗ. ಒಂದು ಒಗೆಯುವ ಕಲ್ಲು, ಒಂದು ನಲ್ಲಿ, ಅದರ ಕೆಳಗೆ ಮೋರಿ. ಎದುರಿಗೇ ಪಕ್ಕದ ಮನೆಯವರ ಮೂರು ಅಂತಸ್ತಿನ ಗೋಡೆ. ನಿಂತು ಉಂಡರೆ ತುತ್ತು ಸ್ವಲ್ಪ ಸಲೀಸಾಗಿ ಇಳಿಯುತ್ತದೆ. ಇಳಿಯದಿದ್ದರೆ ಉಗುಳಿ ನೀರು ಬಿಡಲು ನಲ್ಲಿ ಕೈಗೆ ಸಿಗುತ್ತದೆ. ಯಾರೂ ನೋಡುವುದಿಲ್ಲ.

“ಇಲ್ಲಿ ಗಾಳಿ ಚೆನ್ನಾಗಿ ಬರುತ್ತೆ ಅಲ್ವಾ?” ಎಂದು ರತ್ನಮ್ಮ ಕೇಳಿದರು.

“ಹೌದಮ್ಮ, ಬರುತ್ತೆ,” ಎಂದೆ.